ಓವರ್ ದ ಕ್ಯಾಪ್ ಸೈಟ್ ರಿವ್ಯೂ: ಮೆಕ್ಯಾಫ್ರಿಗೆ ಕೊಟ್ಟಿದ್ದು ಜಾಸ್ತಿ ಆಯ್ತಾ ಅಂತ ವಾದ ಮಾಡೋರು ಮೊದ್ಲು ಇದನ್ನ ತೆಗ್ದು ನೋಡಿ

ಅಮೆರಿಕನ್ ಫುಟ್‌ಬಾಲ್ ನೋಡೋ ಕನ್ನಡದವ್ರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಆದ್ರೆ ಬೇ ಏರಿಯಾದಲ್ಲಿ ಇರೋರು ಒಂದಲ್ಲ ಒಂದು ಭಾನುವಾರ ಯಾರದೋ ಮನೇಲಿ ಚಿತ್ರಾನ್ನದ ತಟ್ಟೆ ಹಿಡ್ಕೊಂಡು ನೈನರ್ಸ್ (ಸ್ಯಾನ್ ಫ್ರಾನ್ಸಿಸ್ಕೋ 49ers ಟೀಮ್) ಮ್ಯಾಚ್ ಮುಂದೆ ಕೂತಿರ್ತೀರ ಅನ್ನೋದು ಗ್ಯಾರಂಟಿ. ನಮ್ಮ ಗುಂಪಿಗೆ ಸ್ಟೇಡಿಯಂ ಇರೋ ಸ್ಯಾಂಟಾ ಕ್ಲಾರಾ ಹತ್ತು ನಿಮಿಷದ ದಾರಿ, ಹಾಗಾಗಿ ಟೀಮ್ ಮೇಲಿನ ಪ್ರೀತಿ ಸ್ವಲ್ಪ ಜಾಸ್ತಿನೇ. ಮ್ಯಾಚ್ ಇಲ್ದಿರೋ ತಿಂಗಳುಗಳಲ್ಲಿ ನಾವು ಮಾತಾಡೋದು ಒಂದೇ ವಿಷಯ, ದುಡ್ಡು. ಯಾರಿಗೆ ಎಷ್ಟು ಕೊಟ್ರು, ಯಾಕೆ ಕೊಟ್ರು, ಕೊಟ್ಟಿದ್ದು ನ್ಯಾಯನಾ. ಅದ್ರಲ್ಲೂ ನೈನರ್ಸ್‌ನ ರನ್ನಿಂಗ್ ಬ್ಯಾಕ್, ಅಂದ್ರೆ ಬಾಲ್ ಹಿಡ್ಕೊಂಡು ಓಡೋ ಆಟಗಾರ, ಕ್ರಿಶ್ಚಿಯನ್ ಮೆಕ್ಯಾಫ್ರಿ ಕಾಂಟ್ರ್ಯಾಕ್ಟ್ ಬಗ್ಗೆ ಎರಡು ವರ್ಷದಿಂದ ನಮ್ಮಲ್ಲಿ ಮುಗೀದೆ ಇರೋ ವಾದ ನಡೀತಾ ಇದೆ, ಆ ವಾದಕ್ಕೆ ಒಂದು ದಾರಿ ತೋರಿಸಿದ್ದು ಓವರ್ ದ ಕ್ಯಾಪ್ ಅನ್ನೋ ಸೈಟ್, ಅದಕ್ಕೇ ಈ ರಿವ್ಯೂ.

ಮೊದ್ಲು ಸೈಟ್ ಏನು ಅಂತ ಹೇಳ್ಬಿಡ್ತೀನಿ. ಅಮೆರಿಕದ ಈ ಫುಟ್‌ಬಾಲ್ ಲೀಗ್, ಎನ್‌ಎಫ್‌ಎಲ್‌ನ 32 ಟೀಮ್‌ಗಳ ಪ್ರತಿ ಆಟಗಾರನ ಕಾಂಟ್ರ್ಯಾಕ್ಟ್ ವಿವರ ಇಲ್ಲಿದೆ. ಯಾವ ವರ್ಷ ಎಷ್ಟು ಸಂಬಳ, ಎಷ್ಟು ಬೋನಸ್, ಅದ್ರಲ್ಲಿ ಗ್ಯಾರಂಟಿ ಎಷ್ಟು, ಇವತ್ತು ಕಿತ್ತಾಕಿದ್ರೆ ಟೀಮ್‌ಗೆ ಎಷ್ಟು ಹೊರೆ, ಎಲ್ಲಾ ಟೇಬಲ್ ರೂಪದಲ್ಲಿ. ಶುರು ಮಾಡಿದವ್ರು ಜೇಸನ್ ಫಿಟ್ಜೆರಾಲ್ಡ್. ನಾನು ನೋಡೋ ಪೇಜ್‌ಗಳಿಗೆಲ್ಲಾ ಕಾಸಿಲ್ಲ. ಇದಕ್ಕೆ ಮುಂಚೆ ನಾನು ಬೇರೆ ಒಂದು ಆ್ಯಪ್‌ಗೆ ಮೂರು ತಿಂಗಳು ದುಡ್ಡು ಕಟ್ಟಿದ್ದೆ, ಹೆಸರು ಬೇಡ, ಅದ್ರಲ್ಲಿ ಒಟ್ಟು ಮೊತ್ತ ದೊಡ್ಡ ಅಕ್ಷರದಲ್ಲಿ ಹಾಕಿ ಕೆಳಗೆ ನಾಲ್ಕು ಸಾಲು ಹೊಗಳಿಕೆ ಬರೆದಿರ್ತಿದ್ರು ಅಷ್ಟೇ, ಗ್ಯಾರಂಟಿ ಎಷ್ಟು ಅಂತ ಹುಡುಕಿದ್ರೂ ಸಿಕ್ತಿರ್ಲಿಲ್ಲ. ಒಟ್ಟು ಮೊತ್ತ ನೋಡಿ ವಾದ ಮಾಡೋದು ಅಂದ್ರೆ ಮದುವೆ ಕಾರ್ಡ್ ನೋಡಿ ಊಟ ಹೇಗಿತ್ತು ಅಂತ ಹೇಳಿದ ಹಾಗೆ.

ಈಗ ನಮ್ಮನೆ ವಾದಕ್ಕೆ ಬರ್ತೀನಿ, ಯಾಕಂದ್ರೆ ಸೈಟ್‌ನ ಬೆಲೆ ಗೊತ್ತಾಗೋದೇ ಅಲ್ಲಿ.

ಒಂದು ಕಡೆ ನಮ್ಮ ಭಾವ. ಇಪ್ಪತ್ತು ವರ್ಷದಿಂದ ಇಲ್ಲಿರೋರು, ಫುಟ್‌ಬಾಲ್ ಚೆನ್ನಾಗಿ ಗೊತ್ತು. ಅವರ ಮಾತು ಸ್ಪಷ್ಟ, ರನ್ನಿಂಗ್ ಬ್ಯಾಕ್‌ಗೆ ದೊಡ್ಡ ದುಡ್ಡು ಕೊಡಬಾರ್ದು. ಬಾಲ್ ಹಿಡ್ಕೊಂಡು ಓಡೋ ಕೆಲಸ, ಪ್ರತಿ ಸಲ ನೂರಿಪ್ಪತ್ತು ಕೆಜಿ ಮೇಲಿರೋ ಮೂರು ಜನ ಬಂದು ಗುದ್ದುತಾರೆ, ದೇಹ ಬೇಗ ಸವೆಯತ್ತೆ. ಟಾಡ್ ಗರ್ಲಿಗೆ 2018ರಲ್ಲಿ ರ‍್ಯಾಮ್ಸ್ ನಾಲ್ಕು ವರ್ಷಕ್ಕೆ 57.5 ಮಿಲಿಯನ್ ಡಾಲರ್ ಬರ್ಕೊಟ್ರು, 2020ರ ಮಾರ್ಚ್‌ನಲ್ಲಿ ಮನೆಗೆ ಕಳಿಸಿದ್ರು. ಎಝಿಕಿಯಲ್ ಎಲಿಯಟ್‌ಗೆ ಡಲ್ಲಾಸ್ 2019ರಲ್ಲಿ ಆರು ವರ್ಷಕ್ಕೆ 90 ಮಿಲಿಯನ್ ಅಂದ್ರು, 2023ರಲ್ಲಿ ಅವ್ನೂ ಹೊರಗೆ. ಇನ್ನೇನು ಉದಾಹರಣೆ ಬೇಕು ಅಂತಾರೆ ಭಾವ.

ಇನ್ನೊಂದು ಕಡೆ ಭಾವನ ಆಫೀಸಿನ ಶಿವಮೊಗ್ಗದ ಹುಡುಗ, ಬಂದು ನಾಲ್ಕು ವರ್ಷ ಆಗಿದೆ, 23ನೇ ನಂಬರ್ ಜೆರ್ಸಿ ಇಲ್ದೆ ಮ್ಯಾಚ್‌ಗೆ ಕೂರಲ್ಲ. ಅವ್ನು ಹೇಳೋದು, ಭಾವ, ನೀವು ಇವ್ನನ್ನ ಬರೀ ಓಡೋನು ಅಂತ ಲೆಕ್ಕ ಹಾಕ್ತಾ ಇದ್ದೀರ, ಇವ್ನು ಕ್ಯಾಚ್ ಹಿಡಿಯೋದ್ರಲ್ಲಿ ಎಷ್ಟೋ ರಿಸೀವರ್‌ಗಳಿಗಿಂತ (ಕ್ಯಾಚ್ ಹಿಡಿಯೋದೇ ಕೆಲಸ ಆಗಿರೋರು) ಮುಂದೆ. ಅದೂ ನಿಜ. 2019ರಲ್ಲಿ ಕ್ಯಾರೊಲೈನಾದಲ್ಲಿದ್ದಾಗ 1,387 ಯಾರ್ಡ್ ಓಡಿ ಮಾಡಿದ, 1,005 ಯಾರ್ಡ್ ಕ್ಯಾಚ್ ಹಿಡ್ದು ಮಾಡಿದ, ಒಂದೇ ಸೀಸನ್‌ನಲ್ಲಿ ಎರಡೂ ಸಾವಿರ ದಾಟಿದ ಮೂರನೇ ಆಟಗಾರ ಅವ್ನು. ಮೊದ್ಲನೇದು ನಮ್ಮ ನೈನರ್ಸ್‌ನ ರೋಜರ್ ಕ್ರೇಗ್, 1985ರಲ್ಲಿ, ಎರಡನೇದು ಮಾರ್ಷಲ್ ಫಾಕ್ 1999ರಲ್ಲಿ. ಆಮೇಲೆ ಇಲ್ಲಿಗೆ ಬಂದು ಹತ್ತು ದಿನ ಆಗಿತ್ತು ಅಷ್ಟೇ, 2022 ಅಕ್ಟೋಬರ್ 30, ರ‍್ಯಾಮ್ಸ್ ಮೇಲಿನ ಮ್ಯಾಚು, ಒಂದು ಟಚ್‌ಡೌನ್ (ಬಾಲ್ ಎದುರಾಳಿಯ ಕೊನೇ ಗೆರೆ ದಾಟಿಸಿ ಅಂಕ ಗಳಿಸೋದು) ಎಸೆದ, ಒಂದು ಓಡಿ ಮಾಡಿದ, ಒಂದು ಹಿಡ್ದು ಮಾಡಿದ. 2005ರಲ್ಲಿ ಲಡೇನಿಯನ್ ಟಾಮ್ಲಿನ್ಸನ್ ಮಾಡಿದ್ಮೇಲೆ ಯಾರೂ ಮಾಡಿರ್ಲಿಲ್ಲ. ಆ ದಿನ ನಾನು ಸೋಫಾ ಬಿಟ್ಟು ಎದ್ದು ನಿಂತಿದ್ದು ಇನ್ನೂ ನೆನಪಿದೆ.

2024ರ ಜೂನ್‌ನಲ್ಲಿ ನೈನರ್ಸ್ ಇವ್ನ ಕಾಂಟ್ರ್ಯಾಕ್ಟ್‌ಗೆ ಇನ್ನೆರಡು ವರ್ಷ ಸೇರಿಸಿ 38 ಮಿಲಿಯನ್ ಕೊಟ್ರು, ವರ್ಷಕ್ಕೆ 19 ಲೆಕ್ಕ, ಆಗ ರನ್ನಿಂಗ್ ಬ್ಯಾಕ್‌ಗಳಲ್ಲಿ ಅದೇ ಮೇಲು. ಹಿಂದಿನ ಸೀಸನ್‌ನಲ್ಲಿ 1,459 ಯಾರ್ಡ್ ಓಡಿ, ಒಟ್ಟು 21 ಟಚ್‌ಡೌನ್ ಮಾಡಿ ಆ ವರ್ಷದ ಬೆಸ್ಟ್ ಅಫೆನ್ಸಿವ್ ಪ್ಲೇಯರ್ ಪ್ರಶಸ್ತಿ ತಗೊಂಡಿದ್ದ. ಆದ್ರೆ ಸೈನ್ ಮಾಡಿದ ವರ್ಷನೇ ಎರಡೂ ಕಾಲಿನ ಅಕಿಲೀಸ್ ನೋವು, ಮೊದಲ ಎಂಟು ಮ್ಯಾಚ್ ಹೋಯ್ತು, ವಾಪಸ್ ಬಂದು ನಾಲ್ಕನೇ ಮ್ಯಾಚ್‌ಗೆ ಬಫಲೋದ ಹಿಮದಲ್ಲಿ ಮಂಡಿ ಹೋಯ್ತು. ಟೀಮ್ 6 ಗೆದ್ದು 11 ಸೋತ್ತು. ಭಾವ ಆ ದಿನ ಏನೂ ಮಾತಾಡ್ಲಿಲ್ಲ, ಸುಮ್ನೆ ಹುಡುಗನ ಮುಖ ನೋಡಿದ್ರು, ಅವ್ರಿಗೂ ಬೇಜಾರಾಗಿತ್ತು.

ಅವ್ರ ಕೈಲಿದ್ದ ದೊಡ್ಡ ಪಾಯಿಂಟ್ ಜೋರ್ಡನ್ ಮೇಸನ್. ಡ್ರಾಫ್ಟ್‌ನಲ್ಲಿ (ಕಾಲೇಜಿಂದ ಬರೋ ಆಟಗಾರರನ್ನ ಟೀಮ್‌ಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು) ಯಾರೂ ತಗೊಳ್ದೆ ಇರೋ ಹುಡುಗ, ಮೆಕ್ಯಾಫ್ರಿ ಇಲ್ಲ ಅಂತ 2024ರ ಮೊದಲ ಮ್ಯಾಚ್‌ಗೆ ಇಳಿಸಿದ್ರು, ಜೆಟ್ಸ್ ಮೇಲೆ 28 ಸಲ ಬಾಲ್ ತಗೊಂಡು 147 ಯಾರ್ಡ್ ಓಡಿದ. ಅವ್ನ ಸಂಬಳ ಮೆಕ್ಯಾಫ್ರಿ ಸಂಬಳದ ಮುಂದೆ ಚಿಲ್ಲರೆ. ಇವ್ನು ಇದ್ಮೇಲೆ ಅವ್ನಿಗೆ 19 ಯಾಕೆ? ನ್ಯಾಯವಾದ ಪ್ರಶ್ನೆನೇ, ಉತ್ತರ ನನ್ ಹತ್ರನೂ ಇರ್ಲಿಲ್ಲ.

ಆಗ ನಾನು ಲ್ಯಾಪ್‌ಟಾಪ್ ತಂದು ಮೆಕ್ಯಾಫ್ರಿ ಪೇಜ್ ತೆಗ್ದೆ. ಪೇಜ್ ನೋಡೋಕೆ ಬ್ಯಾಂಕ್ ಸ್ಟೇಟ್‌ಮೆಂಟ್ ತರ ಒಣಒಣ ಅನ್ಸತ್ತೆ, ಗಾಬರಿ ಆಗ್ಬೇಡಿ. ಒಂದೊಂದು ವರ್ಷ ಒಂದೊಂದು ಸಾಲು. ಮೂಲ ಸಂಬಳ ಒಂದು ಕಾಲಂ, ಸೈನಿಂಗ್ ಬೋನಸ್ ಹಂಚಿಕೆ ಒಂದು ಕಾಲಂ, ಕೊನೇಲಿ ಆ ವರ್ಷ ಟೀಮ್ ಲೆಕ್ಕಕ್ಕೆ ಬೀಳೋ ಮೊತ್ತ. ಈ ಹಂಚಿಕೆ ಅನ್ನೋದು ಅರ್ಥ ಆದ್ರೆ ಮುಕ್ಕಾಲು ಪಾಲು ಅರ್ಥ ಆದ ಹಾಗೆ. ಬೋನಸ್ ದುಡ್ಡು ಆಟಗಾರನ ಕೈಗೆ ಬಂದ್ಬಿಡತ್ತೆ, ಆದ್ರೆ ಲೀಗ್‌ನ ಲೆಕ್ಕದ ಪುಸ್ತಕದಲ್ಲಿ ಅದನ್ನ ಐದು ವರ್ಷದ ತನಕ ಹಂಚಿ ಬರ್ಕೋಬಹುದು. ಕೈಸಾಲ ತಗೊಂಡು ಕಂತಲ್ಲಿ ತೀರಿಸಿದ ಹಾಗೆ, ಮಧ್ಯದಲ್ಲಿ ಆಟಗಾರನ್ನ ಬಿಟ್ರೂ ಮಾರಿದ್ರೂ ಉಳಿದ ಕಂತೆಲ್ಲಾ ಒಟ್ಟಿಗೆ ಬಂದು ತಲೆ ಮೇಲೆ ಕೂರತ್ತೆ. ಅದಕ್ಕೆ ಡೆಡ್ ಮನಿ ಅಂತಾರೆ. ಸೈಟ್‌ನಲ್ಲಿ ಕಟ್ (ಬಿಡೋದು), ಟ್ರೇಡ್ (ಮಾರೋದು), ರೀಸ್ಟ್ರಕ್ಚರ್ (ಸಂಬಳನ ಬೋನಸ್ ಮಾಡಿ ಮುಂದಕ್ಕೆ ತಳ್ಳೋದು) ಅಂತ ಬಟನ್‌ಗಳಿವೆ, ಒತ್ತಿದ್ರೆ ಆ ಲೆಕ್ಕ ತಾನೇ ಬದಲಾಗತ್ತೆ. ಜೂನ್ 1ಕ್ಕೆ ಮುಂಚೆ ಬಿಟ್ರೆ ಎಷ್ಟು, ಆಮೇಲೆ ಬಿಟ್ರೆ ಎಷ್ಟು ಅಂತನೂ ಬೇರೆ ಬೇರೆ ತೋರ್ಸತ್ತೆ.

ಡೆಡ್ ಮನಿ ಅಂದ್ರೇನು ಅಂತ ನೋಡೋಕೆ ಮೆಕ್ಯಾಫ್ರಿಗಿಂತ ಒಳ್ಳೆ ಪಾಠ ಇಲ್ಲ. ಕ್ಯಾರೊಲೈನಾ 2020ರಲ್ಲಿ ನಾಲ್ಕು ವರ್ಷಕ್ಕೆ 64 ಮಿಲಿಯನ್ ಸೇರಿಸಿ ಕೊಟ್ಟಿತ್ತು, ವರ್ಷಕ್ಕೆ 16, ಆಗ ಅದೂ ದಾಖಲೆನೇ. ಆ ವರ್ಷ ಮೂರೇ ಮ್ಯಾಚ್ ಆಡಿದ, ಮುಂದಿನ ವರ್ಷ ಏಳು. 2022ರ ಮಧ್ಯದಲ್ಲಿ ನೈನರ್ಸ್‌ಗೆ ಮಾರಿದ್ರು, ಬದಲಿಗೆ ಸಿಕ್ಕಿದ್ದು ಡ್ರಾಫ್ಟ್‌ನ ಸರದಿಗಳು, ಎರಡು, ಮೂರು, ನಾಲ್ಕನೇ ರೌಂಡ್ ಪಿಕ್‌ಗಳು ಪ್ಲಸ್ ಅದರ ಮುಂದಿನ ವರ್ಷದ ಒಂದು ಐದನೇ ರೌಂಡ್. ಬೋನಸ್ ದುಡ್ಡೆಲ್ಲಾ ಕ್ಯಾರೊಲೈನಾ ಮೊದ್ಲೇ ಕೊಟ್ಟಾಗಿತ್ತು, ಹಾಗಾಗಿ ಆ ಸೀಸನ್ ನೈನರ್ಸ್‌ಗೆ ಬಿದ್ದಿದ್ದು ಒಂದು ಮಿಲಿಯನ್‌ಗಿಂತ ಕಮ್ಮಿ! 2023ರಲ್ಲಿ ಇಲ್ಲಿ ಅವ್ನು ಲೀಗ್‌ಗೇ ಬೆಸ್ಟ್ ಅನ್ನಿಸ್ಕೊಳ್ತಾ ಇದ್ರೆ ಅಲ್ಲಿ ಕ್ಯಾರೊಲೈನಾ ಪುಸ್ತಕದಲ್ಲಿ ಅವ್ನ ಹೆಸರಲ್ಲಿ 18 ಮಿಲಿಯನ್ ಮೇಲೆ ಡೆಡ್ ಮನಿ. ಇದನ್ನ ತೋರ್ಸಿದಾಗ ಶಿವಮೊಗ್ಗದ ಹುಡುಗ ಸ್ವಲ್ಪ ಮೆತ್ತಗಾದ, ಒಬ್ಬರ ಅದೃಷ್ಟ ಇನ್ನೊಬ್ಬರ ಹೊರೆ ಅಂತ ಅವ್ನಿಗೂ ಕಾಣಿಸ್ತು.

ಆದ್ರೆ ಭಾವನ್ನ ನಿಲ್ಲಿಸಿದ್ದು ಕಾಂಟ್ರ್ಯಾಕ್ಟ್ ಹಿಸ್ಟರಿ ಪೇಜು. ಈ ಸೈಟ್‌ನಲ್ಲಿ ನಂಗೆ ಅತಿ ಇಷ್ಟದ ಜಾಗ ಅದು. ಡಾಲರ್ ಲೆಕ್ಕದ ಪಕ್ಕದಲ್ಲಿ ಸೈನ್ ಮಾಡಿದ ವರ್ಷದ ಸ್ಯಾಲರಿ ಕ್ಯಾಪ್‌ನಲ್ಲಿ ಆ ಮೊತ್ತ ಶೇಕಡಾ ಎಷ್ಟು ಅಂತ ಇರತ್ತೆ. ಕ್ಯಾಪ್ ಅಂದ್ರೆ ಒಂದು ಟೀಮ್ ಒಂದು ವರ್ಷ ಆಟಗಾರರ ಲೆಕ್ಕಕ್ಕೆ ಬರೆಯಬಹುದಾದ ಒಟ್ಟು ಮಿತಿ, 2020ರಲ್ಲಿ 198.2 ಮಿಲಿಯನ್ ಇತ್ತು, 2024ಕ್ಕೆ 255.4, 2025ಕ್ಕೆ 279.2. ಈಗ ಕೂತು ಭಾಗಿಸಿ. 2020ರ 16 ಮಿಲಿಯನ್ ಅಂದ್ರೆ ಕ್ಯಾಪ್‌ನ ಶೇ 8ರ ಮೇಲೆ. 2024ರ 19 ಮಿಲಿಯನ್ ಅಂದ್ರೆ ಶೇ 7.4. ಅಂದ್ರೆ ಎಲ್ರೂ ದಾಖಲೆ ದಾಖಲೆ ಅಂದ ಕಾಂಟ್ರ್ಯಾಕ್ಟ್‌ನಲ್ಲಿ ಅವ್ನ ಪಾಲು ಹಿಂದಿನದಕ್ಕಿಂತ ಕಮ್ಮಿ ಆಗಿದೆ. ಹಳೇ ಪಾಲೇ ಬೇಕು ಅಂದಿದ್ರೆ 20.6 ಮಿಲಿಯನ್ ಕೇಳ್ಬೇಕಿತ್ತು. ಅದೇ 20.6 ಲೆಕ್ಕಕ್ಕೆ 2025ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾ ತನ್ನ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿಗೆ ಎರಡು ವರ್ಷ ಸೇರಿಸ್ತು, 41.2 ಮಿಲಿಯನ್, ಅವ್ನು ಆ ಸೀಸನ್ 2,005 ಯಾರ್ಡ್ ಓಡಿ ಸೂಪರ್ ಬೌಲ್ ಗೆದ್ದು ಬಂದಿದ್ದ. ಅಷ್ಟು ಮಾಡಿದವ್ನಿಗೂ ಶೇಕಡಾ ಲೆಕ್ಕದಲ್ಲಿ ಸಿಕ್ಕಿದ್ದು 7.4ರ ಹತ್ರನೇ.

ಭಾವ ಆ ಸಂಖ್ಯೆನ ಎರಡು ಸಲ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದ್ರು. ಆಮೇಲೆ, ಸರಿ, ಜಾಸ್ತಿ ಕೊಟ್ರು ಅಂತ ಇನ್ಮೇಲೆ ಹೇಳಲ್ಲ, ಆದ್ರೆ ರಿಸ್ಕ್ ಜಾಸ್ತಿ ತಗೊಂಡ್ರು ಅಂತ ಹೇಳ್ತೀನಿ ಅಂದ್ರು. ನಂಗೆ ಆ ಮಾತು ತುಂಬಾ ಹಿಡಿಸ್ತು, ಎರಡು ವರ್ಷದಲ್ಲಿ ವಾದ ಮೊದಲ ಸಲ ಒಂದು ಹೆಜ್ಜೆ ಮುಂದಕ್ಕೆ ಹೋಗಿದ್ದು ಅವತ್ತೇ.

ಈಗ ನಾನು ಎಲ್ರಿಗೂ ಹೇಳೋ ಒಂದು ವಿಷಯ. ಪೊಸಿಷನ್ಸ್ ಅಂತ ಒಂದು ಪೇಜ್ ಇದೆ, ರನ್ನಿಂಗ್ ಬ್ಯಾಕ್ ಒತ್ತಿದ್ರೆ ಎಲ್ಲಾ ರನ್ನಿಂಗ್ ಬ್ಯಾಕ್‌ಗಳ ಒಟ್ಟು ಮೊತ್ತ, ವರ್ಷದ ಸರಾಸರಿ, ಗ್ಯಾರಂಟಿ ಎಲ್ಲಾ ಸಾಲಾಗಿ ಬರತ್ತೆ. ಎಲ್ರೂ ಅದೊಂದೇ ನೋಡಿ ಇವ್ನು ಮೇಲಿದ್ದಾನೆ, ಸಾಕು ಅಂತಾರೆ. ಪಕ್ಕದ ಟ್ಯಾಬ್‌ನಲ್ಲಿ ವೈಡ್ ರಿಸೀವರ್ ಲಿಸ್ಟನ್ನೂ ತೆಗೀರಿ. ಮೆಕ್ಯಾಫ್ರಿ ಸೈನ್ ಮಾಡಿದ ಅದೇ ವಾರ ಮಿನ್ನೆಸೋಟಾದ ಜಸ್ಟಿನ್ ಜೆಫರ್ಸನ್ ಸೈನ್ ಮಾಡಿದ, ನಾಲ್ಕು ವರ್ಷಕ್ಕೆ 140 ಮಿಲಿಯನ್, ವರ್ಷಕ್ಕೆ 35, ಕ್ಯಾಪ್‌ನ ಶೇ 13.7. ಮುಂದಿನ ವರ್ಷ ಸಿನ್ಸಿನಾಟಿಯ ಜಮಾರ್ ಚೇಸ್‌ಗೆ ವರ್ಷಕ್ಕೆ 40 ದಾಟ್ತು. ನಾನು ಮೆಕ್ಯಾಫ್ರಿಗೆ 35 ಕೊಡಿ ಅಂತ ಹೇಳ್ತಿಲ್ಲ, ಜೆಫರ್ಸನ್ ಮಾಡೋ ಕೆಲಸ ಬೇರೆನೇ, ದೂರದ ಬಾಲ್ ಅವ್ನ ತರ ಹಿಡಿಯೋರು ಕೈಬೆರಳಲ್ಲಿ ಎಣಿಸೋಷ್ಟು. ಆದ್ರೆ ಒಂದು ಸೀಸನ್‌ಗೆ 116 ಕ್ಯಾಚ್ ಹಿಡ್ದವ್ನ ಬೆಲೆ ಕಟ್ಟುವಾಗ ಆ ಕ್ಯಾಚ್‌ಗಳು ಯಾವ ಕಾಲಂನಲ್ಲೂ ಇಲ್ದೆ ಹೋದ್ರೆ ಅದು ಹೇಗೆ ನ್ಯಾಯ? ರನ್ನಿಂಗ್ ಬ್ಯಾಕ್ ಅಂತ ಹಣೆಪಟ್ಟಿ ಬಿದ್ಮೇಲೆ ಮಾತುಕತೆ ಶುರುವಾಗೋದೇ ಆ ಲಿಸ್ಟ್‌ನಿಂದ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸರಿಯಾಗಿ ನೋವು ಕೊಡತ್ತೆ. ನಮ್ಮಲ್ಲಿ ಆಲ್‌ರೌಂಡರ್ ಅಂತ ಪಟ್ಟಿನೇ ಬೇರೆ. ಐಪಿಎಲ್ ಹರಾಜಲ್ಲಿ ಅವ್ರ ಸೆಟ್ಟೇ ಬೇರೆ, ಬೆಲೆನೂ ಬೇರೆ. 2022 ಡಿಸೆಂಬರ್‌ನ ಹರಾಜು ನೆನಪಿಸ್ಕೊಳ್ಳಿ, ಸ್ಯಾಮ್ ಕರನ್ 18.5 ಕೋಟಿ, ಕ್ಯಾಮೆರಾನ್ ಗ್ರೀನ್ 17.5, ಬೆನ್ ಸ್ಟೋಕ್ಸ್ 16.25, ಮೇಲಿನ ಮೂರೂ ಆಲ್‌ರೌಂಡರ್‌ಗಳೇ. ಗ್ರೀನ್ ಆಮೇಲೆ ನಮ್ಮ ಆರ್‌ಸಿಬಿಗೂ ಬಂದ. ಎರಡು ಕೆಲಸ ಒಬ್ಬನೇ ಮಾಡಿದ್ರೆ ಹನ್ನೊಂದರಲ್ಲಿ ಇನ್ನೊಂದು ಜಾಗ ಖಾಲಿ ಆಗತ್ತೆ, ಆ ಖಾಲಿ ಜಾಗಕ್ಕೂ ಬೆಲೆ ಇದೆ ಅಂತ ಅಲ್ಲಿ ಎಲ್ರಿಗೂ ಗೊತ್ತು. ಫುಟ್‌ಬಾಲ್‌ನಲ್ಲೂ ಅದೇ ಅಲ್ವಾ, ಮೆಕ್ಯಾಫ್ರಿ ಮೈದಾನದಲ್ಲಿದ್ರೆ ಎದುರಾಳಿಗೆ ಇದು ಓಟನಾ ಪಾಸಾ ಅಂತ ಮೊದ್ಲೇ ಹೇಳೋಕಾಗಲ್ಲ, ಮೇಸನ್ ಇದ್ರೆ ಬಹುತೇಕ ಹೇಳ್ಬಹುದು. ಭಾವನ ಮೇಸನ್ ಪ್ರಶ್ನೆಗೆ ನಂಗೆ ಸಿಕ್ಕ ಉತ್ತರ ಇದೇ. ಓಟಕ್ಕೆ ಬದಲಿ ಸಿಕ್ಕಿದ, ಆ ಅನುಮಾನಕ್ಕೆ ಬದಲಿ ಸಿಗ್ಲಿಲ್ಲ.

ಹಣೆಪಟ್ಟಿಯ ಜಗಳ ಹೊಸದೇನಲ್ಲ. 2014ರಲ್ಲಿ ನ್ಯೂ ಆರ್ಲಿಯನ್ಸ್‌ನ ಜಿಮ್ಮಿ ಗ್ರಹಾಂ ನಾನು ಜಾಸ್ತಿ ಸಲ ರಿಸೀವರ್ ಜಾಗದಲ್ಲೇ ನಿಲ್ತೀನಿ, ಆ ರೇಟ್ ಕೊಡಿ ಅಂತ ಪಂಚಾಯ್ತಿಗೆ ಹೋದ. ಅವ್ನ ಹಣೆಪಟ್ಟಿ ಟೈಟ್ ಎಂಡ್, ಅಂದ್ರೆ ಎದುರಾಳಿನ ತಡೆಯೋದು, ಕ್ಯಾಚ್ ಹಿಡಿಯೋದು ಎರಡೂ ಮಾಡೋ ಜಾಗ. ಟ್ಯಾಗ್ ಅಂದ್ರೆ ಟೀಮ್ ಒಬ್ಬನನ್ನ ಒಂದು ವರ್ಷ ಅವ್ನ ಜಾಗದ ನಿಗದಿ ಸಂಬಳಕ್ಕೆ ಉಳಿಸ್ಕೊಳ್ಳೋದು. ಟೈಟ್ ಎಂಡ್ ಟ್ಯಾಗ್ ಅಂದ್ರೆ ಸುಮಾರು 7 ಮಿಲಿಯನ್, ರಿಸೀವರ್ ಟ್ಯಾಗ್ ಅಂದ್ರೆ 12ರ ಮೇಲೆ. ತೀರ್ಪು ಬಂದಿದ್ದು ನೀನು ಟೈಟ್ ಎಂಡೇ ಅಂತ. ಲೆವಿಯಾನ್ ಬೆಲ್ ಕಥೆ ಇನ್ನೂ ಕಷ್ಟದ್ದು. ಪಿಟ್ಸ್‌ಬರ್ಗ್‌ನಲ್ಲಿ ಓಟನೂ ಕ್ಯಾಚೂ ಎರಡೂ ಮಾಡ್ತಿದ್ದವ್ನು, ಎರಡಕ್ಕೂ ತಕ್ಕ ಹಾಗೆ ಕೊಡಿ ಅಂದ, 2018ರಲ್ಲಿ 14.5 ಮಿಲಿಯನ್ ಟ್ಯಾಗ್‌ಗೆ ಸೈನ್ ಹಾಕ್ದೆ ಇಡೀ ಸೀಸನ್ ಮನೇಲಿ ಕೂತ, ಆ ದುಡ್ಡು ಮತ್ತೆ ಬರ್ಲೇ ಇಲ್ಲ. ಮುಂದಿನ ವರ್ಷ ಜೆಟ್ಸ್ ಕೊಟ್ಟಿದ್ದು ನಾಲ್ಕು ವರ್ಷಕ್ಕೆ 52.5, ವರ್ಷದ ಲೆಕ್ಕಕ್ಕೆ ಬಿಟ್ಟು ಬಂದಿದ್ದಕ್ಕಿಂತ ಕಮ್ಮಿ. 2023ರಲ್ಲಿ ಬಾರ್ಕ್ಲಿ, ಜಾಶ್ ಜೇಕಬ್ಸ್, ಟೋನಿ ಪೊಲಾರ್ಡ್ ಮೂರೂ ಜನಕ್ಕೆ 10.1 ಮಿಲಿಯನ್ ಟ್ಯಾಗ್ ಬಿತ್ತು, ಅದೇ ವರ್ಷ ರಿಸೀವರ್ ಟ್ಯಾಗ್ ಸುಮಾರು 19.7. ಹೆಚ್ಚುಕಮ್ಮಿ ಅರ್ಧ.

ಸೈಟ್‌ನಲ್ಲಿ ಒಂದು ಕ್ಯಾಲ್ಕುಲೇಟರ್ ಕೂಡ ಇದೆ, ಟೀಮ್ ಆರಿಸ್ಕೊಂಡು ನಾವೇ ಮ್ಯಾನೇಜರ್ ಆಗ್ಬಹುದು, ಇವ್ನನ್ನ ಬಿಡಿ, ಅವ್ನ ಸಂಬಳನ ಬೋನಸ್ ಮಾಡಿ ಮುಂದಕ್ಕೆ ತಳ್ಳಿ, ಕ್ಯಾಪ್ ಒಳಗೆ ಬರತ್ತಾ ನೋಡಿ. ಅಕ್ಕನ ಮಗ ಹೈಸ್ಕೂಲಲ್ಲಿದ್ದಾನೆ, ಅವ್ನಿಗೆ ಶೇಕಡಾ ಲೆಕ್ಕ ಇದರಿಂದಾನೇ ಚೆನ್ನಾಗಿ ಬಂತು. ಒಂದು ಸಂಜೆ ಬೇಕು, ಆದ್ರೆ ಒಬ್ಬ ಒಳ್ಳೆ ಆಟಗಾರನ್ನ ಉಳಿಸ್ಕೊಳ್ಳೋಕೆ ಇನ್ಯಾರನ್ನ ಬಿಡ್ಬೇಕಾಗತ್ತೆ ಅಂತ ಕೈಯಾರೆ ಮಾಡಿ ನೋಡಿದ್ಮೇಲೆ ಮ್ಯಾನೇಜ್‌ಮೆಂಟ್‌ನ ಬೈಯೋ ಅಭ್ಯಾಸ ಸ್ವಲ್ಪ ಕಮ್ಮಿ ಆಗತ್ತೆ, ನಂಗಂತೂ ಆಯ್ತು.

ಸೈಟ್‌ನಿಂದ ಸಿಗದೇ ಇರೋದೂ ಇದೆ. ಮಂಡಿ ಎಷ್ಟು ದಿನ ಬರತ್ತೆ ಅಂತ ಯಾವ ಟೇಬಲ್ಲೂ ಹೇಳಲ್ಲ. 2024ರ ಆ ನಾಲ್ಕು ಮ್ಯಾಚ್ ನೋಡಿ ಇನ್ನು ಮುಗೀತು ಅಂದವ್ರ ಮುಂದೆ 2025ರಲ್ಲಿ ಹದಿನೇಳಕ್ಕೆ ಹದಿನೇಳೂ ಆಡಿದ, ಕ್ಯಾಚ್‌ಗಳೇ ನೂರು ದಾಟಿದ್ವು. 2026ರ ಜೂನ್‌ಗೆ ಅವ್ನಿಗೆ 30. ಕಾಂಟ್ರ್ಯಾಕ್ಟ್ ಇರೋದು 2027ರ ತನಕ. ಭಾವನ ವಾದ ಈಗ ಅಲ್ಲಿಗೆ ಬಂದು ನಿಂತಿದೆ, ಮೂವತ್ತಾದ್ಮೇಲೆ ಇನ್ನೊಂದು ಪೈಸೆನೂ ಸೇರಿಸಬಾರ್ದು ಅಂತ.

ನನ್ನ ಅಭಿಪ್ರಾಯ ಕೇಳಿದ್ರೆ, ಇಂಥ ಆಟಗಾರನಿಗೆ ನ್ಯಾಯವಾದ ಕಾಂಟ್ರ್ಯಾಕ್ಟ್ ಅಂದ್ರೆ ಚಿಕ್ಕದು ಮತ್ತು ಗಟ್ಟಿದು. ಎರಡೇ ವರ್ಷ, ಆದ್ರೆ ಬಹುಪಾಲು ಗ್ಯಾರಂಟಿ, ಬಾರ್ಕ್ಲಿದು ಹಾಗೇ ಇತ್ತು, 41.2ರಲ್ಲಿ 36 ಗ್ಯಾರಂಟಿ. ಆರು ವರ್ಷ 90 ಮಿಲಿಯನ್ ಅನ್ನೋದು ಪೇಪರ್‌ಗೆ ಚೆಂದ, ಅದ್ರಲ್ಲಿ ಆಟಗಾರನಿಗೂ ಭರವಸೆ ಇಲ್ಲ, ಟೀಮ್‌ಗೂ ನೆಮ್ಮದಿ ಇಲ್ಲ. ನಿಜವಾದ ಅನ್ಯಾಯ ಆಗೋದು ಮೊದಲ ನಾಲ್ಕು ವರ್ಷದಲ್ಲಿ. ರೂಕಿ ಕಾಂಟ್ರ್ಯಾಕ್ಟ್‌ನ, ಅಂದ್ರೆ ಹೊಸಬನ ಮೊದಲ ಕಾಂಟ್ರ್ಯಾಕ್ಟ್‌ನ ಬೆಲೆ ಡ್ರಾಫ್ಟ್‌ನಲ್ಲಿ ಎಷ್ಟನೆಯವ್ನಾಗಿ ಬಂದ ಅನ್ನೋದರ ಮೇಲೆ ಮೊದ್ಲೇ ನಿಗದಿ, ಅದೇ ವರ್ಷಗಳಲ್ಲಿ ಅವ್ನ ಕಾಲು ಅತ್ಯಂತ ಚುರುಕಾಗಿರತ್ತೆ. ಮೆಕ್ಯಾಫ್ರಿ 2019ರಲ್ಲಿ 403 ಸಲ ಬಾಲ್ ಮುಟ್ಟಿದ್ದು ಆ ರೂಕಿ ಸಂಬಳಕ್ಕೇ. ಒಳ್ಳೆ ವರ್ಷಗಳನ್ನ ಅಗ್ಗದಲ್ಲಿ ತಗೊಂಡು ಆಮೇಲೆ ಸವೆದಿದ್ದಾನೆ ಅಂತ ಬೆಲೆ ಇಳಿಸೋದು ನಂಗೆ ಸರಿ ಕಾಣಲ್ಲ, ಭಾವನಿಗೂ ಹೇಳಿದ್ದೀನಿ, ಅವ್ರು ಇದೊಂದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಹೊಸಬರು ಮೊದ್ಲು ನಿಮಗಿಷ್ಟದ ಒಬ್ಬ ಆಟಗಾರನ ಪೇಜ್ ತೆಗೀರಿ, ಒಟ್ಟು ಮೊತ್ತ ಬಿಟ್ಟು ನೇರ ಗ್ಯಾರಂಟಿ ಕಾಲಂಗೆ ಹೋಗಿ, ಆಮೇಲೆ ಕಟ್ ಬಟನ್ ಒತ್ತಿ ಯಾವ ವರ್ಷದಿಂದ ಟೀಮ್‌ಗೆ ಬಿಡೋದು ಸಲೀಸಾಗತ್ತೆ ನೋಡಿ, ಆ ವರ್ಷಕ್ಕೇ ಕಾಂಟ್ರ್ಯಾಕ್ಟ್ ಮುಗೀತು ಅಂದ್ಕೊಳ್ಳಿ. ಅಟ್ಲಾಂಟಾದ ಬಿಜನ್ ರಾಬಿನ್ಸನ್, ಡೆಟ್ರಾಯ್ಟ್‌ನ ಜಮೀರ್ ಗಿಬ್ಸ್ ಇಬ್ರೂ 2023ರ ಮೊದಲ ರೌಂಡ್‌ನವ್ರು, ಇಬ್ರೂ ಓಟನೂ ಕ್ಯಾಚೂ ಎರಡೂ ಬಲ್ಲವ್ರು. ಅವ್ರ ದೊಡ್ಡ ಕಾಂಟ್ರ್ಯಾಕ್ಟ್ ಮಾತು ಬಂದ ದಿನ ಅಕ್ಕನ ಮನೇಲಿ ಎರಡು ಟ್ಯಾಬ್ ಓಪನ್ ಇರತ್ತೆ, ಒಂದು ರನ್ನಿಂಗ್ ಬ್ಯಾಕ್ ಲಿಸ್ಟು, ಇನ್ನೊಂದು ರಿಸೀವರ್ ಲಿಸ್ಟು. ಎರಡನೇದನ್ನ ಭಾವ ಈಗ್ಲೇ ಬುಕ್‌ಮಾರ್ಕ್ ಮಾಡಿಟ್ಕೊಂಡಿದ್ದಾರೆ.